ಕಾಯಿಲೆ ಇದ್ದವರಿಗೆ ಸಿಟ್ಟು ಬರಬಾರದೆ?

ಆಸ್ತಿ ಪಾಲಿನ ಮಾತು ನಡೆಯುತ್ತಿದೆ. ಬೈಪೋಲಾರ್ ಕಾಯಿಲೆಗೆ ವರ್ಷಗಳಿಂದ ಚಿಕಿತ್ಸೆ ಪಡೆಯುತ್ತಿರುವ ಮಗಳು, ‘ನನ್ನನ್ನು ಒಂದು ಮಾತೂ ಕೇಳದೆ ಪತ್ರ ಹೇಗೆ ಮಾಡಿಸಿದಿರಿ?’ ಎಂದು ದನಿ ಏರಿಸುತ್ತಾಳೆ. ಅಣ್ಣ ಅವಳಿಗೆ ಉತ್ತರ ಕೊಡುವುದಿಲ್ಲ. ಅಮ್ಮನ ಕಡೆ ತಿರುಗಿ, ‘ಇವತ್ತು ಮಾತ್ರೆ ತಗೊಂಡಿದಾಳಾ?’ ಎನ್ನುತ್ತಾನೆ. ನ್ಯಾಯವಾದ ಪ್ರಶ್ನೆಯೊಂದು ಅಲ್ಲಿಗೇ ಸತ್ತುಹೋಗುತ್ತದೆ.

ಇಂಥ ಮನೆಗಳವರನ್ನು ಕೈಮುಗಿದು ಕೇಳುತ್ತೇನೆ: ಇದನ್ನು ನಿಲ್ಲಿಸಿ. ಅನ್ಯಾಯ ಕಂಡರೆ ಸಿಡಿಯುವುದು, ಹತ್ತಿರದವರು ಹೋದಾಗ ಗೋಳೋ ಎಂದು ಅಳುವುದು, ಪರೀಕ್ಷೆ ಪಾಸಾದ ದಿನ ಮನೆ ತುಂಬ ಕುಣಿಯುವುದು ಕಾಯಿಲೆಯಲ್ಲ. ಭಾವನೆ ಎಷ್ಟು ಜೋರಾಗಿದೆ ಎಂಬುದೊಂದರಿಂದ ಕಾಯಿಲೆಯನ್ನು ಅಳೆಯಲು ಬರುವುದಿಲ್ಲ.

ಹಾಗಾದರೆ ಏನನ್ನು ನೋಡಬೇಕು? ಮೊದಲು ನಿದ್ದೆ. ದುಃಖದಲ್ಲಿರುವವರಿಗೂ ನಿದ್ದೆ ಹತ್ತುವುದಿಲ್ಲ, ಆದರೆ ಬೆಳಿಗ್ಗೆ ಮೈ ಸೋತಿರುತ್ತದೆ. ಬೈಪೋಲಾರ್ ಕಾಯಿಲೆಯ ಒಂದು ತುದಿ ಖಿನ್ನತೆಯಾದರೆ ಇನ್ನೊಂದು ತುದಿ ಉನ್ಮಾದ; ಅದು ಏರುವಾಗ ಹಾಗಲ್ಲ. ರಾತ್ರಿ ಮೂರು ಗಂಟೆಗೆ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದವಳು ಬೆಳಗಾಗುವಷ್ಟರಲ್ಲಿ ಹೊಸ ವ್ಯಾಪಾರದ ಲೆಕ್ಕ ಬರೆಯುತ್ತಾ ಕೂತಿರುತ್ತಾಳೆ, ಆಯಾಸದ ಸುಳಿವಿಲ್ಲ. ಮಾತಿಗೆ ಮಾತು ಸೇರಿ ಓಡುತ್ತದೆ, ನಡುವೆ ಬಾಯಿ ಹಾಕಲು ಆಗುವುದಿಲ್ಲ. ಬಳೆ ಅಡವಿಟ್ಟು ಬಂದಿರುತ್ತಾಳೆ, ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಇಂಥ ಹಲವು ಲಕ್ಷಣಗಳು ಒಟ್ಟಿಗೆ ಬಂದು, ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ ನಿಲ್ಲುತ್ತವೆ: ವೈದ್ಯರ ಅಳತೆಯಲ್ಲಿ ಪೂರ್ಣ ಉನ್ಮಾದಕ್ಕೆ ಕನಿಷ್ಠ 1 ವಾರ, ಸೌಮ್ಯ ಉನ್ಮಾದಕ್ಕೆ 4 ದಿನ, ಖಿನ್ನತೆಯ ಲಕ್ಷಣಗಳಾದರೆ 2 ವಾರ. ಉನ್ಮಾದ ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ತೀವ್ರವಾದರೆ ವಾರ ಕಾಯುವ ಮಾತೇ ಇಲ್ಲ. ಸಂಜೆ ಸಿಡಿದು ರಾತ್ರಿ ಊಟದ ಹೊತ್ತಿಗೆ ತಣಿಯುವ ಸಿಟ್ಟು ಈ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಎಚ್ಚರ ಬೇಕು. ಸಾವಿನ ಆಘಾತವೋ ಮದುವೆಮನೆಯ ನಿದ್ದೆಗೇಡೋ ಕಾಯಿಲೆಯ ನಿಜವಾದ ಏರಿಳಿತವನ್ನೇ ಕೆದಕಬಹುದು. ಕಾರಣವಿದೆ ಎಂದು ಸುಮ್ಮನಾಗಬೇಡಿ, ಮುಂದಿನ ರಾತ್ರಿಗಳನ್ನು ಗಮನಿಸಿ. ಲಕ್ಷಣಗಳು ಕಂಡಮೇಲೂ ‘ಕೊಬ್ಬು’, ‘ನಾಟಕ’, ‘ಗಾಳಿ ಸೋಕಿದೆ’ ಎಂದು ದಿನ ದೂಡುವುದೂ ಅಷ್ಟೇ ದೊಡ್ಡ ಅನ್ಯಾಯ. ಖಿನ್ನತೆ ಎಂದುಕೊಂಡು ಅದರ ಮಾತ್ರೆಯನ್ನಷ್ಟೇ ನುಂಗಿಸಿದರೆ ಕೆಲವರಲ್ಲಿ ಉನ್ಮಾದ ಕೆರಳುತ್ತದೆ. ಹಿಂದೆ ಎಂದಾದರೂ ಹೀಗೆ ಏರಿದ ದಿನಗಳಿದ್ದವೇ ಎಂಬುದನ್ನು ವೈದ್ಯರಿಗೆ ಹೇಳಬೇಕಾದವರು ನೀವು.

ಇನ್ನು, ಎರಡು ದಿನ ಮುಖ ಊದಿಸಿಕೊಂಡ ಸೊಸೆಗೆ ‘ಬೈಪೋಲಾರ್ ಇರಬೇಕು’ ಎಂದು ಹಣೆಪಟ್ಟಿ ಅಂಟಿಸುವವರೇ, ಆ ಕಾಯಿಲೆಯ ಜೊತೆ ಬಾಳುತ್ತಿರುವವರು ಅದನ್ನು ಕೇಳಿಸಿಕೊಳ್ಳುತ್ತಿದ್ದಾರೆ.

ನಿಮ್ಮ ಮನೆಯಲ್ಲಿ ಈ ಕಾಯಿಲೆ ಇರುವವರು ಚೆನ್ನಾಗಿರುವಾಗಲೇ ಪಕ್ಕದಲ್ಲಿ ಕೂತು ಕೇಳಿ: ‘ನಿನಗೆ ಏರುವ ಮುಂಚೆ ಏನಾಗುತ್ತೆ? ಆಗ ನಾವು ಏನು ಮಾಡಬೇಕು, ಏನು ಮಾಡಬಾರದು?’ ಅವರ ಮಾತಿನಲ್ಲೇ ಬರೆದಿಡಿ. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಲಿಖಿತವಾಗಿ ಹೇಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರಿಗೆ ಕೊಟ್ಟಿದೆ. ಅನುಮಾನ ಬಂದ ರಾತ್ರಿ ಟೆಲಿ ಮಾನಸ್‌ನ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.