ನೀಲಗಿರಿಯ ಪರ ವಕಾಲತ್ತು ಸಾಕು

ನೀಲಗಿರಿ ನೆಡುವುದರ ಮೇಲಿನ 2017ರ ನಿಷೇಧವನ್ನು ತೆಗೆಯಬೇಕು ಎಂಬ ಮಾತು ಕರ್ನಾಟಕದಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ದುಬೈ, ಅಬುಧಾಬಿಯಲ್ಲಿ ಕೂತ ನಮ್ಮವರೂ ಹೇಳತೊಡಗಿರುವುದು ನನ್ನನ್ನು ಕೆರಳಿಸಿದೆ. ವಾದ ಎಲ್ಲರಿಗೂ ಗೊತ್ತಿರುವುದೇ: ಮಣ್ಣು ಕೆಡಿಸುವುದು ಮರವಲ್ಲ, ನಿರ್ವಹಣೆಯ ಕೊರತೆ, ಪೋಷಕಾಂಶ ಸರಿದೂಗಿಸಿದರೆ ಇಳುವರಿ ನಿಲ್ಲುವುದಿಲ್ಲ, ಬ್ರೆಜಿಲ್ ನೋಡಿ.

ಬ್ರೆಜಿಲ್ ಇರಲಿ. ಹೊಸಕೋಟೆ, ಮಾಲೂರು, ಚಿಂತಾಮಣಿಯ ಯಾವ ತೋಪಿಗೆ ಕಟಾವಾದ ಮೇಲೆ ಒಂದು ಗಾಡಿ ಗೊಬ್ಬರ ಬಿತ್ತು? ಕಟಾವಿನ ದಿನ ಅಲ್ಲಿ ನಿಂತವರಿಗೆ ಉತ್ತರ ಗೊತ್ತು. ದಿಮ್ಮಿಗಳು ಲಾರಿ ಏರುತ್ತವೆ. ತೋಳುಗಾತ್ರದವು ಸೆಂಟ್ರಿಂಗ್ ಕಂಬಕ್ಕೆ, ರೆಂಬೆಗಳು ಸೌದೆಗೆ, ಒಣಗಿದ ಸೊಪ್ಪು ಇಟ್ಟಿಗೆ ಗೂಡಿಗೆ. ಉಳಿದ ತರಗನ್ನೂ ಪೊರಕೆಯಲ್ಲಿ ಗುಡಿಸಿ ಮೂಟೆ ಕಟ್ಟುತ್ತಾರೆ. ಸಂಜೆ ಹೊತ್ತಿಗೆ ಮೋಟುಗಳ ನಡುವೆ ಗಟ್ಟಿಯಾದ ಬರಿ ಕೆಂಪು ನೆಲ. ನೀಲಗಿರಿ ನೆಲದಿಂದ ಎತ್ತಿದ ಸುಣ್ಣದಂಶ ಹೆಚ್ಚಾಗಿ ಸೇರುವುದು ತೊಗಟೆಯಲ್ಲಿ. ಎಲೆಯಲ್ಲಿ ತುಂಬಿರುವುದು ಸಾರಜನಕ. ಅವೆರಡನ್ನೂ ಹೊಲದಿಂದ ಹೊರಗೆ ಸಾಗಿಸಿ, ಮೋಟಿನಿಂದ ಕೂಳೆ ಚಿಗುರಿಸಿ, ಐದಾರು ವರ್ಷಕ್ಕೆ ಮತ್ತೆ ಅದನ್ನೇ ಮಾಡುತ್ತಾರೆ. ಮೂರನೇ ಕೂಳೆಗೆ ಬೊಡ್ಡೆಯ ಗಾತ್ರ ಸಣ್ಣದಾಯಿತು ಎಂದು ದಲ್ಲಾಳಿ ದರ ಇಳಿಸುತ್ತಾನೆ.

ಬ್ರೆಜಿಲ್‌ನ ಕಂಪನಿಗಳು ತೊಗಟೆ, ಸೊಪ್ಪನ್ನು ಹೊಲದಲ್ಲೇ ಬಿಡುತ್ತವೆ, ಮಣ್ಣು ಪರೀಕ್ಷಿಸಿ ರಂಜಕ, ಪೊಟ್ಯಾಷ್, ಬೋರಾನ್ ಹಾಕುತ್ತವೆ. ಕಾಂಗೋದ ಪಾಯಿಂಟ್ ನ್ವಾರ್ ಬಳಿಯ ಮರಳು ನೆಲದಲ್ಲಿ ಕಸಕಡ್ಡಿಯನ್ನೆಲ್ಲ ತೆಗೆದ ತಾಕುಗಳಲ್ಲಿ ಮುಂದಿನ ಬೆಳೆ ಕುಸಿದದ್ದನ್ನು ಅಳೆದು ತೋರಿಸಿದ್ದಾರೆ. ಈ ವಿಜ್ಞಾನವನ್ನು ನಾನು ಒಪ್ಪುತ್ತೇನೆ. ಅದನ್ನು ತಂದು ನಮ್ಮ ಬಯಲುಸೀಮೆಯ ತೋಪುಗಳಿಗೆ ಹೊದಿಸುವುದನ್ನು ಒಪ್ಪುವುದಿಲ್ಲ. ಏಕೆಂದರೆ ಗೊಬ್ಬರ ಕೊಟ್ಟ ಮರ ಸೊಪ್ಪು ಹೆಚ್ಚಿಸಿಕೊಳ್ಳುತ್ತದೆ, ಸೊಪ್ಪು ಹೆಚ್ಚಿದಷ್ಟೂ ನೀರು ಹೆಚ್ಚು ಬೇಕು. ಆ ನೀರನ್ನು ಎಲ್ಲಿಂದ ತರುತ್ತೀರಿ?

ಹೊಸಕೋಟೆಯ ಲೆಕ್ಕ ನಮ್ಮ ಕಣ್ಣೆದುರಿಗೇ ಇದೆ. ಇಯಾನ್ ಕಾಲ್ಡರ್ ಎಂಬ ಜಲವಿಜ್ಞಾನಿ ಮತ್ತು ಸಂಗಡಿಗರು ರೈತರ ಜಮೀನಿನ ನೀಲಗಿರಿಯನ್ನು ಅಲ್ಲಿ ಅಳೆದರು. ಮಳೆ ಕಡಿಮೆಯಾದ ಮೂರು ವರ್ಷಗಳಲ್ಲಿ ಬಿದ್ದ ಮಳೆ ಒಟ್ಟು 2100 ಮಿಲಿಮೀಟರ್. ಮರ ಬಳಸಿದ ನೀರು 3400. ಬಿದ್ದದ್ದು 2100, ಹೋದದ್ದು 3400. ಮಿಕ್ಕ 1300 ಬಂದದ್ದು ಮಣ್ಣಿನ ಆಳದಿಂದ, ವರ್ಷಕ್ಕೆ ಎರಡೂವರೆ ಮೀಟರ್‌ನಂತೆ ಇಳಿದ ಬೇರುಗಳ ಮೂಲಕ. ಪೋಷಕಾಂಶ ನಿರ್ವಹಣೆಯ ಬಗ್ಗೆ ಭಾಷಣ ಮಾಡುವ ಯಾರ ಬಾಯಲ್ಲೂ ಈ ಎರಡು ಸಂಖ್ಯೆ ಬರುವುದಿಲ್ಲ. ಯೂರಿಯಾ ಅಂಗಡಿಯಲ್ಲಿ ಸಿಗುತ್ತದೆ. ಆ 1300 ಮಿಲಿಮೀಟರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇದನ್ನು ಎಮಿರೇಟ್ಸ್‌ನಲ್ಲಿ ಬದುಕುವವರಿಗೆ ಬಿಡಿಸಿ ಹೇಳಬೇಕಾಗಿ ಬಂದದ್ದೇ ನೋವಿನ ಸಂಗತಿ. ಅಬುಧಾಬಿಯಿಂದ ಅಲ್ ಐನ್‌ಗೆ ಹೋಗುವ ಹೆದ್ದಾರಿಯ ಬದಿ ಗಾಡಿ ನಿಲ್ಲಿಸಿ ನೆಟ್ಟ ಮರಗಳ ಬುಡ ನೋಡಿ: ಸಾಲಿಗೊಂದು ಕಪ್ಪು ಪೈಪು, ಹನಿ ಹನಿಯಾಗಿ ನೀರು. ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಈ ನಾಡಿನಲ್ಲಿ ಮರ ನೆಟ್ಟವನು ನೀರನ್ನೂ ತಾನೇ ತರಬೇಕು. ಶೇಖ್ ಜಾಯೆದ್ ಕಾಲದಿಂದ ಮರುಭೂಮಿಯಲ್ಲಿ ಕಾಡು ಬೆಳೆಸಿದ ಅಬುಧಾಬಿ, 2016ರಲ್ಲಿ ಕಾನೂನು ಮಾಡಿ ಅಂತರ್ಜಲ ಎಮಿರೇಟ್‌ನ ಸೊತ್ತು ಎಂದು ಘೋಷಿಸಿತು. ತನ್ನ ಜಮೀನು ಎಂದು ಯಾರೂ ಇಷ್ಟಬಂದಂತೆ ಬಾವಿ ಕೊರೆಯುವಂತಿಲ್ಲ. ಅದೇ ನೆಲದಲ್ಲಿ ಸಂಬಳ ಎಣಿಸುವ ನಾವು, ಊರಿನ ಜಮೀನಿನಲ್ಲಿ ನೆರೆಯವನ ಬಾವಿ ಬತ್ತಿದರೂ ಕೇಳುವವರಿಲ್ಲ ಎಂದು ತೋಪು ಬೆಳೆಸುತ್ತೇವೆ.

ಎಮಿರೇಟ್ಸ್‌ನ ರಾಷ್ಟ್ರೀಯ ವೃಕ್ಷ ಘಾಫ್. 2019ರ ಸಹಿಷ್ಣುತೆಯ ವರ್ಷಕ್ಕೆ ಅದನ್ನೇ ಲಾಂಛನ ಮಾಡಿಕೊಂಡರು. ಅದು ಬೇರೆ ಯಾವುದೂ ಅಲ್ಲ, ವಿಜಯದಶಮಿಯ ದಿನ ನಾವು ಕೈಮುಗಿಯುವ ಬನ್ನಿ. ಬೇರಿನಲ್ಲಿ ಸಾರಜನಕ ಹಿಡಿದಿಟ್ಟು, ಉದುರಿದ ಸೊಪ್ಪಿನಿಂದ ನೆಲ ಬೆಳೆಸುವ ಮರ. ರಾಜಸ್ಥಾನದ ರೈತರು ಅದರ ಬುಡದಲ್ಲೇ ಸಜ್ಜೆ ಬೆಳೆಯುತ್ತಾರೆ. ಎಮಿರೇಟ್ಸ್‌ನವರು ಅದನ್ನು ಕಾನೂನಿನಿಂದ ಕಾಯುತ್ತಿದ್ದಾರೆ. ನಮ್ಮಲ್ಲಿ ಹೊಂಗೆ, ಬೇವು, ಹುಣಸೆ, ಬನ್ನಿ ನಿಂತಿದ್ದ ಬದುಗಳನ್ನು ಸವರಿ ನೀಲಗಿರಿ ಹಾಕಿದೆವು.

ಏಕೆ ಹಾಕಿದೆವು ಎಂಬುದನ್ನೂ ಹೇಳಿಬಿಡಬೇಕು. ನೀಲಗಿರಿಗೆ ಕಾವಲು ಬೇಡ, ಆಳು ಬೇಡ, ದನ ಮುಟ್ಟುವುದಿಲ್ಲ. ಒಡೆಯ ಶಾರ್ಜಾದಲ್ಲಿದ್ದರೂ ಜಮೀನು ಅವನದೇ ಎಂದು ತೋರಿಸಿಕೊಂಡು ನಿಲ್ಲುತ್ತದೆ, ಲೇಔಟ್ ಮಾಡುವವನು ಬರುವವರೆಗೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ಬಾಗಿಲು ತೆರೆದ ಮೇಲೆ ಈ ಗೈರುಹಾಜರಿ ಒಡೆತನಕ್ಕೆ ಅಡ್ಡಿಯೇ ಇಲ್ಲ. ರಾಗಿ ಹೊಲವಾಗಿದ್ದಾಗ ಅಲ್ಲಿ ಬಿತ್ತನೆ, ಕಳೆ, ಕೊಯ್ಲು ಎಂದು ಹೆಂಗಸರಿಗೆ ಕೂಲಿ ಇತ್ತು, ಸಾಲಿನಲ್ಲಿ ಅವರೆ ಇತ್ತು, ದನಕ್ಕೆ ಹುಲ್ಲಿತ್ತು. ತೋಪಿನಲ್ಲಿ ಐದು ವರ್ಷಕ್ಕೊಮ್ಮೆ ನಾಲ್ಕು ದಿನದ ಕೆಲಸ. ಮಣ್ಣಿನ ಜೊತೆ ಊರೂ ಬಡವಾಯಿತು, ಅದಕ್ಕೆ ನಾವು ಕಾರಣ.

ನೀಲಗಿರಿಯ ವಿರುದ್ಧ ನಿಲ್ಲುವುದು ರೈತರಿಗೆ ಹೊಸ ವಿಷಯವಲ್ಲ. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ನಾಲ್ಕು ಜಿಲ್ಲೆಗಳ ಸುಮಾರು 75,000 ಎಕರೆ ಗೋಮಾಳ, ಬೆಟ್ಟದ ಭೂಮಿಯನ್ನು ನೀಲಗಿರಿಗೆ ಬರೆದುಕೊಡಲು ಹೊರಟಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋದಾಗ ಶಿವರಾಮ ಕಾರಂತರೂ ಜೊತೆಗಿದ್ದರು. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಮುಚ್ಚಿತು. ಅಷ್ಟು ಕಷ್ಟಪಟ್ಟು ಗೆದ್ದದ್ದನ್ನು ನಿರ್ವಹಣೆ ಎಂಬ ಮಾತಿಗೆ ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

ನಿಷೇಧ ತೆಗೆಯಿರಿ ಎನ್ನುವವರು ಮೊದಲು ತಮ್ಮ ತೋಪಿನ ಮಣ್ಣು ಆರೋಗ್ಯ ಚೀಟಿ ತೆಗೆದಿಡಲಿ. ಕಳೆದ ಕಟಾವಿಗೆ ಮುಂಚಿನದು ಒಂದು, ಆಮೇಲಿನದು ಒಂದು. ಪಕ್ಕದ ಹೊಲದವನ ಕೊಳವೆಬಾವಿ ಎಷ್ಟು ಅಡಿಗೆ ಇಳಿದಿದೆ ಎಂಬುದನ್ನೂ ಕೇಳಿ ಬರೆದು ತರಲಿ. ಚೀಟಿ ಇಲ್ಲದವರು ಈ ಸಲ ರಜೆಗೆ ಊರಿಗೆ ಹೋದಾಗ ಜೆಸಿಬಿ ಕರೆಸಿ ಮೋಟು ಕೀಳಿಸಲಿ. ಖರ್ಚು ಜಾಸ್ತಿ ಎಂದರೆ, ಇಷ್ಟು ವರ್ಷ ಆ ನೆಲದಿಂದ ದಿಮ್ಮಿಯ ದುಡ್ಡು ಎಣಿಸಿಕೊಂಡವರು ಅವರೇ.