ಎರಡು ವರ್ಷದ ಡಿಪ್ಲೊಮಾ: ಒಂದು ಎಸ್ಟಿಮೇಟ್

ಪಿಯುಸಿ ಫಲಿತಾಂಶ ಬಂದಾಗಿನಿಂದ ಮಠದ ಅಂಗಳದಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತಿದೆ. ಮಗನನ್ನು, ಮಗಳನ್ನು ಪ್ಯಾರಾಮೆಡಿಕಲ್ ಡಿಪ್ಲೊಮಾಕ್ಕೆ ಸೇರಿಸಬಹುದೇ? ಎರಡೇ ವರ್ಷ, ಮುಗಿದ ಕೂಡಲೇ ಆಸ್ಪತ್ರೆಯಲ್ಲಿ ಕೆಲಸ ಎಂದು ಯಾರೋ ಏಜೆಂಟ್ ಹೇಳಿ ಹೋಗಿರುತ್ತಾನೆ. ಮೊನ್ನೆ ನಮ್ಮ ಕಡೆಯ ರೈತರೊಬ್ಬರು ಇದಕ್ಕಾಗಿ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತರಲು ಹೊರಟಿದ್ದರು. ನಾನು ವೈದ್ಯನಲ್ಲ. ಸರ್ಕಾರಿ ಇಲಾಖೆಯಲ್ಲಿ ಎಸ್ಟಿಮೇಟ್ ಬರೆದೇ ನಿವೃತ್ತನಾದವನು. ಆದ್ದರಿಂದ ಅವರ ಜೊತೆ ಕುಳಿತು ಒಂದು ಎಸ್ಟಿಮೇಟ್ ಹಾಕಿದೆ.

ಶುಲ್ಕ ವರ್ಷಕ್ಕೆ 50,000, ಕೋಣೆ ಬಾಡಿಗೆ 20,000. ಊಟ ಮನೆಯಲ್ಲಿದ್ದರೂ ಮಾಡಬೇಕು, ಅದನ್ನು ಬಿಟ್ಟೆವು. ಎರಡು ವರ್ಷಕ್ಕೆ 1,40,000 ಆಯಿತು. ಇಷ್ಟೇ ಅಲ್ಲವೇ ಎಂದರು ಅವರು. ಅಲ್ಲ. ಹುಡುಗ ಓದದೆ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ತಿಂಗಳಿಗೆ 11,000 ದುಡಿಯುತ್ತಿದ್ದ ಎಂದುಕೊಳ್ಳಿ. 24 ತಿಂಗಳಿಗೆ 2,64,000 ಕೈತಪ್ಪಿತು. ಈ ಬಾಬತ್ತನ್ನು ಯಾರೂ ಬರೆಯುವುದಿಲ್ಲ, ಎಲ್ಲಕ್ಕಿಂತ ದೊಡ್ಡ ಬಾಬತ್ತು ಇದೇ. ಒಟ್ಟು ವೆಚ್ಚ 4,04,000.

ಈಗ ಆದಾಯ. ಡಿಪ್ಲೊಮಾ ಮುಗಿಸಿದವನಿಗೆ ಸಂಬಳ 15,000 ಸಿಕ್ಕಿತು ಎನ್ನೋಣ. ಓದಿನಿಂದ ಬಂದದ್ದು 15,000 ಅಲ್ಲ, ಹೆಚ್ಚುವರಿ 4,000 ಮಾತ್ರ. ಹಾಕಿದ್ದು ಮರಳಲು ಎಂಟು ವರ್ಷ ದಾಟುತ್ತದೆ. ಸಂಬಳ 21,000 ಆದರೆ ಮೂರೂವರೆ ವರ್ಷದೊಳಗೆ ಮರಳುತ್ತದೆ. ಇನ್ನು ಕೈಸಾಲ: 1,40,000ಕ್ಕೆ ಎರಡು ರೂಪಾಯಿಯಂತೆ ತಿಂಗಳಿಗೆ ಬಡ್ಡಿಯೇ 2,800. ಆ 4,000ದಲ್ಲಿ ಅಸಲಿಗೆ ಉಳಿಯುವುದು 1,200. ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುತ್ತದೆ, ಆದರೆ ಕೋರ್ಸಿಗೆ ಮಾನ್ಯತೆ ಇರಬೇಕು. ಬ್ಯಾಂಕಿನವರು ಮಾನ್ಯತೆ ಕೇಳಿದಾಗ ಕಾಲೇಜು ತಡವರಿಸಿದರೆ, ಅಲ್ಲಿಂದಲೇ ಹಿಂತಿರುಗಿ ಬನ್ನಿ.

ಈ ಅಂಕಿಗಳು ಒಂದು ಮನೆಯವು. ನಿಮ್ಮ ಮನೆಯವನ್ನು ಹಾಕಿ ನೋಡಿ. ಎಲ್ಲಿ ಹಾಕಿದರೂ ಲೆಕ್ಕ ತಿರುಗುವುದು ಶುಲ್ಕದ ಮೇಲಲ್ಲ, ಆ ಹೆಚ್ಚುವರಿ ಸಂಬಳದ ಮೇಲೆ. ಅದು ನಿಂತಿರುವುದು ಹುಡುಗನ ಕೈ ಕೆಲಸ ಕಲಿತಿದೆಯೇ ಎಂಬುದರ ಮೇಲೆ.

ನಮ್ಮ ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ ಎಸ್‌ಎಸ್‌ಎಲ್‌ಸಿ ಆದವರಿಗೆ ಮೂರು ವರ್ಷ, ಪಿಯುಸಿ ವಿಜ್ಞಾನ ಓದಿದವರಿಗೆ ಎರಡು ವರ್ಷ. ಈ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗ ರಚಿಸಿದ 2021ರ ಕೇಂದ್ರ ಕಾಯಿದೆ, ತಂತ್ರಜ್ಞನಾಗಲು ಕನಿಷ್ಠ 2,000 ಗಂಟೆಗಳ ಶಿಕ್ಷಣ ಬೇಕು ಎನ್ನುತ್ತದೆ. ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 167 ದಿನ. ಆದರೂ 'ಪರೀಕ್ಷೆಗೆ ಬಂದರೆ ಸಾಕು' ಎಂದು ಸೀಟು ಮಾರುವವರಿದ್ದಾರೆ. ನನ್ನ ಪರಿಚಯದ ಹುಡುಗನೊಬ್ಬ ಎಕ್ಸ್-ರೇ ಡಿಪ್ಲೊಮಾ ಪಡೆದು ಸಂದರ್ಶನಕ್ಕೆ ಹೋದ. ಎದೆಯ ಚಿತ್ರಕ್ಕೆ ರೋಗಿಯನ್ನು ಹೇಗೆ ನಿಲ್ಲಿಸುತ್ತೀ ಎಂದರೆ ಗೋಡೆ ನೋಡಿದನಂತೆ. ಅವನ ಕಾಲೇಜಿನ ಯಂತ್ರ ಕೆಟ್ಟು ನಿಂತಿತ್ತು. ತಪ್ಪು ಅವನದಲ್ಲ, ಸಾಲ ಮಾತ್ರ ಅವನದು.

ಇದು ಬರೀ ಸಂಬಳದ ಮಾತೂ ಅಲ್ಲ. ಡಯಾಲಿಸಿಸ್ ರೋಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ, ತನ್ನ ರಕ್ತವನ್ನೇ ತಂತ್ರಜ್ಞನ ಕೈಗೆ ಒಪ್ಪಿಸಿ ಮಲಗಿರುತ್ತಾನೆ. ಪ್ರಯೋಗಾಲಯದಲ್ಲಿ ರಕ್ತದ ಗುಂಪು ತಪ್ಪಾಗಿ ಬರೆದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಅರೆಬರೆ ಕಲಿತವನು ಕಟ್ಟಿದ ಸೇತುವೆಯಾದರೂ ಬೀಳುವ ಮುನ್ನ ಬಿರುಕು ತೋರಿಸುತ್ತದೆ.

ಆದ್ದರಿಂದ ಸೇರುವ ಮೊದಲು ಕಾಲೇಜಿನ ಕಟ್ಟಡ ನೋಡಬೇಡಿ, ಅದು ಮಕ್ಕಳನ್ನು ಕಳಿಸುವ ಆಸ್ಪತ್ರೆಗೆ ಹೋಗಿ. ಎಷ್ಟು ಹಾಸಿಗೆ, ಎಷ್ಟು ಡಯಾಲಿಸಿಸ್ ಯಂತ್ರ, ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು? ಎಕ್ಸ್-ರೇ ಕೋಣೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯೇ, ವಿದ್ಯಾರ್ಥಿಗಳ ಎದೆಯ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್ ಇದೆಯೇ? ಕಳೆದ ವರ್ಷ ಹೊರಬಂದವರು ಈಗ ಎಲ್ಲಿದ್ದಾರೆ ಎಂದು ಕ್ಯಾಂಟೀನಿನಲ್ಲಿ ಕೇಳಿ, ಕಚೇರಿಯಲ್ಲಿ ಅಲ್ಲ.

ಇನ್ನೊಂದು ಮಾತು. ನಮ್ಮ ಇಲಾಖೆಯಲ್ಲಿ ಡಿಪ್ಲೊಮಾದವರು ಜೂನಿಯರ್ ಎಂಜಿನಿಯರ್ ಆಗಿ, ಪದವೀಧರರು ಅಸಿಸ್ಟೆಂಟ್ ಎಂಜಿನಿಯರ್ ಆಗಿ ಸೇರುತ್ತಿದ್ದೆವು. ನನಗಿಂತ ಚೆನ್ನಾಗಿ ಕೆಲಸ ಬಲ್ಲ ಡಿಪ್ಲೊಮಾದವರು ಬಡ್ತಿಗಾಗಿ ಕಾದು ಕಾದು ಬಳಲಿದ್ದನ್ನು ಕಂಡಿದ್ದೇನೆ. ಆಸ್ಪತ್ರೆಯಲ್ಲೂ ಮೇಲಿನ ಮೆಟ್ಟಿಲು ಬಿಎಸ್ಸಿಯವರಿಗೆ. ಮನೆಯವರು ತಡೆದುಕೊಳ್ಳಬಲ್ಲರಾದರೆ, ಮಗುವಿಗೆ ಓದು ಹತ್ತುವುದಾದರೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಕೋರ್ಸಿನ ಲೆಕ್ಕವನ್ನೂ ಪಕ್ಕದಲ್ಲಿ ಬರೆದು ನೋಡಿ. ಹೆಣ್ಣುಮಗಳಿಗೆ ಎರಡು ವರ್ಷ ಸಾಕು, ಗಂಡಿಗೆ ಪದವಿ ಎಂಬ ಲೆಕ್ಕವನ್ನು ಮಾತ್ರ ನಾನು ಒಪ್ಪಲಾರೆ.

ನಮ್ಮ ಮಠಗಳದೂ ಇಂಥ ಕಾಲೇಜುಗಳಿವೆ, ಪ್ರಸಾದ ನಿಲಯಗಳಿವೆ. ಆ 20,000 ಬಾಡಿಗೆಯ ಬಾಬತ್ತನ್ನು ನಿಲಯದ ಒಂದು ಹಾಸಿಗೆ ಅಳಿಸಿಹಾಕುತ್ತದೆ, ಊಟವೂ ಸಿಗುತ್ತದೆ. ಪೂಜ್ಯರಲ್ಲಿ ನಮ್ಮ ಬಿನ್ನಹ ಎರಡು: ಜಿಲ್ಲಾ ಆಸ್ಪತ್ರೆಗಳಿರುವ ಊರುಗಳ ನಿಲಯಗಳಲ್ಲಿ ಈ ಮಕ್ಕಳಿಗೂ ಜಾಗ ಕೊಡಿಸಬೇಕು; ನಮ್ಮ ಕಾಲೇಜುಗಳ ಸೂಚನಾ ಫಲಕದಲ್ಲಿ ಶುಲ್ಕದ ಪಕ್ಕದಲ್ಲೇ ಕಳೆದ ಮೂರು ವರ್ಷ ಎಷ್ಟು ಮಕ್ಕಳಿಗೆ ಕೆಲಸ ಸಿಕ್ಕಿತು, ಎಷ್ಟು ಸಂಬಳಕ್ಕೆ ಎಂಬುದನ್ನು ಬರೆಸಬೇಕು.

ಆ ರೈತರು ಕೈಸಾಲದ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ. ಸೋಮವಾರ ಅಪ್ಪ, ಮಗ ಇಬ್ಬರೂ ಆಸ್ಪತ್ರೆ ನೋಡಲು ಹೊರಟಿದ್ದಾರೆ. ನಾನೂ ಜೊತೆಗೆ ಹೋಗುತ್ತಿದ್ದೇನೆ.