ದುಡ್ಡು ಯಾವ ಕೆಲಸಕ್ಕೆ?

ಹಳ್ಳಿಗಳ ಕುಟುಂಬ ಯೋಜನೆ ಸೇವೆಯಲ್ಲಿ ಖಾಸಗಿಯವರನ್ನು ಸೇರಿಸಿಕೊಳ್ಳಬೇಕೇ ಎಂಬ ಮಾತು ಬಂದೊಡನೆ ನಾವು ಎರಡು ಪಾಳಯಗಳಾಗುತ್ತೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇಲ್ಲ, ಅರಿವಳಿಕೆ ತಜ್ಞರಿಲ್ಲ, ಮಾಡಬಲ್ಲವರಿಗೆ ವಹಿಸಿಬಿಡಿ ಎನ್ನುವವರು ಒಂದೆಡೆ. ಬಡ ಹೆಣ್ಣುಮಕ್ಕಳನ್ನು ಲಾಭದ ಲೆಕ್ಕಕ್ಕೆ ಒಪ್ಪಿಸಬೇಡಿ ಎನ್ನುವವರು ಇನ್ನೊಂದೆಡೆ. ಇಬ್ಬರ ಕಾಳಜಿಯೂ ನಿಜವಾದದ್ದೇ. ಆದರೆ ಸೇವೆ ಕೊಡುವವರು ಯಾರು ಎಂಬುದಕ್ಕಿಂತ, ಅವರಿಗೆ ದುಡ್ಡು ಯಾವ ಕೆಲಸಕ್ಕೆ ಸಿಗುತ್ತದೆ ಎಂಬುದೇ ಮುಖ್ಯ ಎಂದು ನನ್ನ ವಿನಮ್ರ ಅಭಿಪ್ರಾಯ.

ಬಿಹಾರದ ಅರಾರಿಯಾ ಜಿಲ್ಲೆಯಲ್ಲಿ ನಡೆದದ್ದನ್ನು ನೋಡಿ. 2012ರ ಜನವರಿ 7ರ ರಾತ್ರಿ ಅಲ್ಲಿನ ಒಂದು ಸರ್ಕಾರಿ ಶಾಲೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸಾ ಶಿಬಿರ ನಡೆಯಿತು. ನಡೆಸಿದ್ದು ಸರ್ಕಾರದಿಂದ ಮಾನ್ಯತೆ ಪಡೆದ ಒಂದು ಸ್ವಯಂಸೇವಾ ಸಂಸ್ಥೆ. ಒಬ್ಬರೇ ವೈದ್ಯರು ಎರಡು ಗಂಟೆಯಲ್ಲಿ 53 ಮಹಿಳೆಯರಿಗೆ ಆಪರೇಷನ್ ಮಾಡಿದರು. ಶಾಲೆಯ ಮೇಜುಗಳ ಮೇಲೆ, ಟಾರ್ಚ್ ಬೆಳಕಿನಲ್ಲಿ. ಅವರಲ್ಲಿ ಒಬ್ಬಾಕೆ ಗರ್ಭಿಣಿ. ಎರಡು ಗಂಟೆಯನ್ನು 53ರಿಂದ ಭಾಗಿಸಿದರೆ ತಲೆಗೆ ಎರಡೂಕಾಲು ನಿಮಿಷ. ಈಗಾಗಲೇ ಬಸುರಿಯೇ, ಮುಟ್ಟು ಯಾವಾಗ ಆಯಿತು, ಇನ್ನು ಮಕ್ಕಳಾಗುವುದಿಲ್ಲ ಎಂಬುದು ನಿನಗೆ ಗೊತ್ತೇ ಎಂದು ಕೇಳುವುದಕ್ಕೆ ಅದರಲ್ಲಿ ಜಾಗ ಎಲ್ಲಿದೆ? ಆ ಸಂಸ್ಥೆಗೆ ಹಣ ಬರುತ್ತಿದ್ದದ್ದು ಆದ ಆಪರೇಷನ್‌ಗಳ ಲೆಕ್ಕದಲ್ಲಿ. ಕೇಳಿಸಿಕೊಂಡು "ಬೇಡ" ಎಂದು ಮನೆಗೆ ಹೋದ ಹೆಂಗಸಿನ ಹೆಸರಿನಲ್ಲಿ ಬಿಲ್ ಆಗುವುದಿಲ್ಲ.

ಇದು ಖಾಸಗಿಯವರ ದೋಷ ಎಂದು ಮುಗಿಸುವಂತಿಲ್ಲ. 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯಲ್ಲಿ ಸರ್ಕಾರವೇ ನಡೆಸಿದ ಶಿಬಿರದಲ್ಲಿ, ಸರ್ಕಾರಿ ವೈದ್ಯರೊಬ್ಬರು ಒಂದೇ ದಿನ 83 ಮಹಿಳೆಯರಿಗೆ ಆಪರೇಷನ್ ಮಾಡಿದರು. ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದೆಂಬ ನಿಯಮ ಸರ್ಕಾರದ್ದೇ ಆಗಿತ್ತು. ಆ ದುರಂತದಲ್ಲಿ ಹತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ತೀರಿಕೊಂಡರು. ಅರಾರಿಯಾ ಪ್ರಕರಣವನ್ನು ಹಿಡಿದು ದೇವಿಕಾ ಬಿಸ್ವಾಸ್ ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಪಿತ್ತು, ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನೇ ನಿಲ್ಲಿಸಲು ಹೇಳಿತು. ಎರಡೂ ಕಡೆ ಆಡಳಿತ ಬೇರೆಬೇರೆ, ಎಣಿಕೆಯ ಆತುರ ಮಾತ್ರ ಒಂದೇ.

ಖಾಸಗಿ ಸಹಭಾಗಿತ್ವ ಚೆನ್ನಾಗಿ ದುಡಿದ ಉದಾಹರಣೆಯೂ ನಮ್ಮಲ್ಲೇ ಇದೆ. 1968ರಲ್ಲಿ ಕೇಂದ್ರ ಸರ್ಕಾರ ನಿರೋಧ್ ಕಾಂಡೋಮ್ ಮಾರಾಟಕ್ಕೆ ಹಿಂದುಸ್ತಾನ್ ಲಿವರ್, ಬ್ರೂಕ್ ಬಾಂಡ್, ಲಿಪ್ಟನ್‌ನಂಥ ಕಂಪನಿಗಳ ನೆರವು ಪಡೆಯಿತು. ಚಹಾಪುಡಿ, ಸೋಪು ಹೋಗುತ್ತಿದ್ದ ದಾರಿಯಲ್ಲೇ ನಿರೋಧ್ ಕೂಡ ಅಂಗಡಿಗಳನ್ನು ಮುಟ್ಟಿತು. ಮೂರರ ಪೊಟ್ಟಣಕ್ಕೆ 15 ಪೈಸೆ. ಅಲ್ಲಿ ಅಂಗಡಿಯ ಮುಂದೆ ನಿಂತವನೇ ಗಿರಾಕಿ. ಬೇಡವೆನಿಸಿದರೆ ಕೊಳ್ಳದೆ ಹೋಗಬಹುದಿತ್ತು. ಅರಾರಿಯಾದ ಆ ಸಂಸ್ಥೆಗೆ ಗಿರಾಕಿ ಸರ್ಕಾರ, ಮೇಜಿನ ಮೇಲೆ ಮಲಗಿದ್ದವಳಲ್ಲ.

ನಮ್ಮ ರಾಜ್ಯಕ್ಕೆ ಈ ಮಾತು ಇನ್ನೂ ಹತ್ತಿರದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಜನಸಂಖ್ಯೆ ತಡೆಯಬೇಕೆಂಬ ಹಳೆಯ ಅವಸರಕ್ಕೆ ಈಗ ಆಧಾರವೇ ಇಲ್ಲ. ಆದರೂ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಸೊನ್ನೆಯ ಆಸುಪಾಸಿನಲ್ಲಿದೆ. ನಮಗೆ ಬೇಕಿರುವುದು ಹೆಚ್ಚು ಆಪರೇಷನ್ ಅಲ್ಲ. ಎರಡು ಹೆರಿಗೆಗಳ ನಡುವೆ ಅಂತರ ಬಯಸುವ ಇಪ್ಪತ್ತೆರಡರ ಹೆಣ್ಣುಮಗಳಿಗೆ ಮಾತ್ರೆ, ವಂಕಿ, ಇಂಜೆಕ್ಷನ್, ಇವುಗಳಲ್ಲಿ ಆಯ್ಕೆ ಬೇಕು. ಅವಳ ಗಂಡನನ್ನೂ ಕೂರಿಸಿ ಮಾತಾಡಿಸುವವರು ಬೇಕು. "ಅಂತರಾ" ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವಂಥದ್ದು; ಮುಟ್ಟು ಏರುಪೇರಾಗುವುದು ಸಾಮಾನ್ಯ. ಹಾಗಾದಾಗ "ಗಾಬರಿಯಾಗಬೇಡಮ್ಮ, ಬಾ ನೋಡೋಣ" ಎನ್ನುವವರಿಲ್ಲದಿದ್ದರೆ ಅವಳು ಎರಡನೆಯ ಇಂಜೆಕ್ಷನ್‌ಗೆ ಬರುವುದಿಲ್ಲ. ಆ ಮಾತಿನ ಹೊತ್ತಿಗೆ ಯಾವ ಒಪ್ಪಂದದಲ್ಲಿ ದರ ನಿಗದಿಯಾಗಿದೆ?

ಹಾಗಾಗಿ ಖಾಸಗಿಯವರು ಬರಲಿ, ಆದರೆ ಬಿಡಿ ಕೆಲಸದ ಗುತ್ತಿಗೆಯಾಗಿ ಅಲ್ಲ. 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿ ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡದ್ದು ಇಡೀ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು. ಜ್ವರ, ಲಸಿಕೆ, ಹೆರಿಗೆ ಎಲ್ಲದಕ್ಕೂ ಒಂದೇ ಬಾಗಿಲು. ಆ ಬಾಗಿಲಿಗೇ ನಾಳೆಯೂ ಬರಬೇಕಾದ ಊರಿನವರ ವಿಶ್ವಾಸ ಕಳೆದುಕೊಂಡರೆ ಕೇಂದ್ರವೇ ಖಾಲಿ.

ಮಾತುಕತೆಗೆ ಹಣ ಕೊಟ್ಟರೆ ಅಳೆಯುವುದು ಹೇಗೆ ಎಂದು ಹಣಕಾಸು ಇಲಾಖೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಷ್ಟು ಜನ ಸಾಧನ ಮುಂದುವರಿಸಿದರು ಎಂದು ಎಣಿಸಹೊರಟರೆ ಅದೇ ಹೊಸ ಒತ್ತಡವಾದೀತು. ತೆಗೆಸಿಕೊಳ್ಳಲು ಬಂದವಳನ್ನು ಸಾಗಹಾಕುವ ಚಾಳಿ ಹುಟ್ಟೀತು. ಅದಕ್ಕೇ ಭೇಟಿಗೆ ಹಣ ಕೊಡಬೇಕು, ನಿರ್ಧಾರ ಏನೇ ಇರಲಿ. ಹೆರಿಗೆಯ ಬೆನ್ನಿಗೇ ವಂಕಿ ಹಾಕಿದರೆ ಸಿಬ್ಬಂದಿಗೂ ಆಶಾ ಕಾರ್ಯಕರ್ತೆಗೂ ಪ್ರೋತ್ಸಾಹಧನ ಇದೆ. ಹಾಕಿದ್ದಕ್ಕೆ ಎಷ್ಟೋ, ಅವಳು ಬಂದು ಕೇಳಿದ ದಿನ ತಕರಾರಿಲ್ಲದೆ ತೆಗೆದುಕೊಟ್ಟದ್ದಕ್ಕೂ ಅಷ್ಟೇ ಕೊಡುವ ಷರತ್ತು ಮುಂದಿನ ಒಪ್ಪಂದದಲ್ಲಿ ಸೇರಲಿ.